ಅರ್ಹರು ಯಾರೂ ಸಿಗಲಿಲ್ಲ

ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ಹತ್ತು ನಿಮಿಷ ನಡೆದರೆ ನಮ್ಮ ಕಾರ್ಖಾನೆ ಸಿಗುತ್ತಿತ್ತು. ಕಬ್ಬಿನ ಸಿಪ್ಪೆಯನ್ನು ಬೇಯಿಸಿ, ಅರೆದು ರಟ್ಟು ಮಾಡುವ ಕಾರ್ಖಾನೆ. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿಗೆ ಟೈಪಿಸ್ಟಾಗಿ ಸೇರಿದೆ. ನಮ್ಮ ತಂದೆ ಮದ್ದೂರಿನಲ್ಲಿ ಮೇಷ್ಟ್ರು. ಮದುವೆಯಾಗದ ಹುಡುಗಿ ದಿನಾ ರೈಲು ಹತ್ತಿ ಕಾರ್ಖಾನೆಗೆ ಹೋಗುವುದೆಂದರೇನು ಎಂದು ನಮ್ಮ ಬೀದಿಯಲ್ಲಿ ನಾಲ್ಕು ದಿನ ಮಾತಾಯಿತು. ಐದನೇ ದಿನ ಅದೇ ಬೀದಿಯವರೊಬ್ಬರು ತಮ್ಮ ಮಗನಿಗೂ ಅಲ್ಲೊಂದು ಕೆಲಸ ಕೊಡಿಸಲಾದೀತೇ ಎಂದು ನಮ್ಮಮ್ಮನನ್ನು ಕೇಳಿಕೊಂಡು ಬಂದರು.

ಕಾರ್ಖಾನೆಯ ಮಿಷಿನ್ ಬಂದದ್ದು ಪಶ್ಚಿಮ ಜರ್ಮನಿಯಿಂದ. ಅದನ್ನು ಜೋಡಿಸಿ ನಡೆಸಲು ಆ ಕಂಪನಿಯ ಇಂಜಿನಿಯರನೂ ಜೊತೆಗೇ ಬಂದಿದ್ದ. ಮೂವತ್ತೈದರ ಆಸುಪಾಸಿನ, ಉದ್ದನೆಯ, ಕಡಿಮೆ ಮಾತಿನ ಮನುಷ್ಯ. ಕೆಲಸಗಾರರು ಅವನನ್ನು ದೊರೆ ಎನ್ನುತ್ತಿದ್ದರು. ಅವನ ಕನ್ನಡವೆಲ್ಲ ಆ ಕೆಲಸಗಾರರಿಂದಲೇ ಕಲಿತದ್ದು, ಹಾಗಾಗಿ ಮ್ಯಾನೇಜರ ಮುಖಕ್ಕೇ "ಆಗಕಿಲ್ಲ, ಬುಡಿ" ಎನ್ನುತ್ತಿದ್ದ. ನಾವು ಯಾರೂ ಹೇಳಲಾರದ ಮಾತನ್ನು ಅವನು ಅರ್ಥ ಗೊತ್ತಿಲ್ಲದವನಂತೆ ಹೇಳಿ ದಕ್ಕಿಸಿಕೊಳ್ಳುತ್ತಿದ್ದ.

ಮ್ಯಾನೇಜರು ಬೆಂಗಳೂರಿನವರು. ಮೇ ತಿಂಗಳಿನಲ್ಲೂ ಟೈ ಕಟ್ಟುವವರು. ಬ್ಯಾಂಕಿನವರೋ ಅಧಿಕಾರಿಗಳೋ ಬಂದರೆ ಮಿಷಿನ್ನಿನ ಅಡಿಯಲ್ಲಿ ಮಲಗಿ ಬೋಲ್ಟು ಬಿಗಿಯುತ್ತಿದ್ದ ದೊರೆಯನ್ನು ಹೊರಗೆಳೆಸಿ, ಕೈ ತೊಳೆಸಿ, ಕೋಟು ಹಾಕಿಸಿ, "ನಮ್ಮ ಫಾರಿನ್ ಎಕ್ಸ್‌ಪರ್ಟ್" ಎಂದು ತೋರಿಸುತ್ತಿದ್ದರು. ಬಂದವರು ಅವನ ಕೈ ಕುಲುಕಿ, ವಡೆ ತಿಂದು, ಮಿಷಿನ್ನಿನ ಕಡೆ ತಿರುಗಿಯೂ ನೋಡದೆ ಕಾರು ಹತ್ತುತ್ತಿದ್ದರು. ಇಂಥ ಒಂದು ದಿನ ಅವನು ಕೋಟು ಕಳಚುತ್ತಾ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ: "ನಿಮ್ಮ ದೇಶದಲ್ಲಿ ಆನೆಗೆ ಬಟ್ಟೆ ಹಾಕಿ ಮೆರವಣಿಗೆ ಮಾಡ್ತಾರಂತೆ, ಅದಕ್ಕೆ ಸಂಬಳ ಎಷ್ಟು?"

ಮಿಷಿನ್ ನಿಜವಾಗಿ ನಡೆಯುತ್ತಿದ್ದದ್ದು ಫೋರ್‌ಮನ್ನರಿಂದ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವರು. ಎಲ್ಲರೂ ಅವರನ್ನು ಗೌಡರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಪಾಲಿಟೆಕ್ನಿಕ್ ಮುಗಿಸಿ, ಉತ್ತರದ ಕಡೆ ಯಾವುದೋ ಕಾಗದದ ಕಾರ್ಖಾನೆಯಲ್ಲಿ ಎಂಟು ವರ್ಷ ಇಂಥದೇ ಮಿಷಿನ್ ನಡೆಸಿ, ತಂದೆ ತೀರಿಕೊಂಡ ಮೇಲೆ ಜಮೀನು ನೋಡಿಕೊಳ್ಳಬೇಕೆಂದು ಈ ಕಡೆ ಬಂದವರು. ಹೆಂಡತಿ ಮಕ್ಕಳು ಊರಲ್ಲಿ, ಇವರು ಹನಕೆರೆಯಲ್ಲಿ ಒಂದು ಕೋಣೆ ಹಿಡಿದಿದ್ದರು.

ಮೊದಲ ಬೇಸಿಗೆಯಲ್ಲಿ ಹಸಿ ರಟ್ಟು ಉರುಳೆಯ ಮೇಲೆ ಹೋಗುವಾಗಲೇ ಹರಿದು ಹರಿದು ಬೀಳತೊಡಗಿತು. ದೊರೆ ಮೂರು ದಿನ ಪುಸ್ತಕ ಹಿಡಿದುಕೊಂಡು ಉಗಿಯನ್ನು ಹೆಚ್ಚಿಸಿದ, ಕಡಿಮೆ ಮಾಡಿದ, ವೇಗ ಬದಲಿಸಿದ. ಗೌಡರು ನಾಲ್ಕನೇ ದಿನ ಒಂದು ಹಿಡಿ ಸಿಪ್ಪೆಯನ್ನು ಅಂಗೈಯಲ್ಲಿ ತಿಕ್ಕಿ ಅವನ ಮೂಗಿನ ಕೆಳಗೆ ಹಿಡಿದರು. ಕಬ್ಬಿನೊಳಗಿನ ಬೆಂಡು ಪುಡಿಯಾಗಿ ಉದುರಿತು. ಆ ಬೆಂಡು ನೀರು ಕುಡಿದು ಉಬ್ಬಿ ರಟ್ಟನ್ನು ಸಡಿಲ ಮಾಡುತ್ತಿತ್ತು. ಜರ್ಮನಿಯ ಪುಸ್ತಕ ಬರೆದವರು ಮರದ ತಿರುಳನ್ನು ಕಂಡಿದ್ದರು, ಕಬ್ಬನ್ನು ಕಂಡಿರಲಿಲ್ಲ. ಗೌಡರು ಕೊಪ್ಪದ ಅಕ್ಕಿ ಗಿರಣಿಯಿಂದ ಒಂದು ಹಳೆಯ ಜರಡಿ ತರಿಸಿ, ಮೋಟರು ಕಟ್ಟಿ, ಸಿಪ್ಪೆಯನ್ನು ಅರೆಯುವ ಮೊದಲೇ ಅಲುಗಾಡಿಸಿ ಬೆಂಡು ಉದುರಿಸುವ ಹಾಗೆ ಮಾಡಿದರು. ಅವತ್ತಿನಿಂದ ರಟ್ಟು ಹರಿಯಲಿಲ್ಲ. ದೊರೆ ತನ್ನ ಕಂಪನಿಗೆ ಬರೆದ ವರದಿಯನ್ನು ನಾನೇ ಟೈಪ್ ಮಾಡಿದ್ದೆ. ಅದರಲ್ಲಿ ಜರಡಿಯ ಚಿತ್ರ ಬರೆದು, ಇದು ಫೋರ್‌ಮನ್ನನ ಬುದ್ಧಿ ಎಂದು ಸ್ಪಷ್ಟವಾಗಿ ಹೇಳಿದ್ದ. ಮ್ಯಾನೇಜರು ಬಂದವರಿಗೆಲ್ಲ ಅದೇ ಜರಡಿಯನ್ನು "ಜರ್ಮನ್ ಟೆಕ್ನಾಲಜಿ" ಎಂದು ತೋರಿಸಿದರು. ಜರಡಿಯ ಪಕ್ಕೆಯ ಮೇಲೆ ಅಕ್ಕಿ ಗಿರಣಿಯ ಹೆಸರು ಕನ್ನಡದಲ್ಲಿ ಇನ್ನೂ ಅಳಿಸಿರಲಿಲ್ಲ.

ಪರದೇಶದವನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕಾದರೆ ದೆಹಲಿಯ ಅಪ್ಪಣೆ ಬೇಕಾಗಿತ್ತು. ಅದು ವರ್ಷಕ್ಕೊಮ್ಮೆ ಮುಗಿಯುತ್ತಿತ್ತು. ಮುಂದುವರಿಸಬೇಕಾದರೆ ಈ ಕೆಲಸ ಬಲ್ಲ ಭಾರತೀಯ ಯಾರೂ ಸಿಗಲಿಲ್ಲವೆಂದು ತೋರಿಸಬೇಕು. ಅದಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಹಾಕಬೇಕು, ಅರ್ಜಿ ಹಾಕಿದವರನ್ನು ಕರೆದು ಮಾತಾಡಿಸಬೇಕು, ಆಮೇಲೆ ವರದಿ ಕಳಿಸಬೇಕು. ನಿಯಮದಲ್ಲೇನೂ ತಪ್ಪಿಲ್ಲ, ನಮ್ಮವರಿಗೆ ಅನ್ಯಾಯವಾಗದಿರಲಿ ಎಂದೇ ಮಾಡಿದ್ದು. ಅದನ್ನು ಓದಿದ ದಿನ ನನಗೆ ಸಂತೋಷವೂ ಆಗಿತ್ತು. ಇಪ್ಪತ್ತೆರಡು ವರ್ಷದ ಹುಡುಗಿ, ಕಾಗದದಲ್ಲಿ ಇರುವುದೆಲ್ಲ ನಡೆಯುತ್ತದೆಂದುಕೊಂಡಿದ್ದೆ.

ಮೊದಲ ವರ್ಷ ಮುಗಿಯುತ್ತಾ ಬಂದಾಗ ಮ್ಯಾನೇಜರು ನನ್ನನ್ನು ಕರೆದರು. "ಬರ್ಕೊಳ್ಳಿ ಮಿಸ್" ಎಂದು ಜಾಹೀರಾತು ಹೇಳತೊಡಗಿದರು. ಬೇಕಾದ ಓದು: ಯುರೋಪಿನ ವಿಶ್ವವಿದ್ಯಾಲಯದ ಪದವಿ. ಅನುಭವ: ಇದೇ ಮಾದರಿಯ ಮಿಷಿನ್ನಿನ ಮೇಲೆ ಹತ್ತು ವರ್ಷ. ಭಾಷೆ: ಜರ್ಮನ್, ಓದಲು ಬರೆಯಲು ಮಾತಾಡಲು.

ನಾನು ಪೆನ್ಸಿಲ್ ನಿಲ್ಲಿಸಿ, "ಸಾರ್, ಈ ಮಾದರಿ ಮಿಷಿನ್ ಮೊದಲು ತಯಾರಾಗಿ ಐದೇ ವರ್ಷ ಆಯ್ತು ಅಂತ ಜರ್ಮನಿ ಕಂಪನಿಯವರ ಕಾಗದದಲ್ಲಿದೆ" ಎಂದೆ.

"ಇರಲಿ."

"ಮತ್ತೆ ಹತ್ತು ವರ್ಷದ ಅನುಭವ ಯಾರಿಗಿರುತ್ತೆ?"

"ಯಾರಿಗೂ ಇರಬಾರದು ಅಂತಾನೇ ಅಲ್ವಾ ಬರೆಸ್ತಿರೋದು?" ಎಂದು ಅವರು ನಕ್ಕರು. ಕೆಟ್ಟ ಕೆಲಸ ಮಾಡುವವನ ಮುಖ ಹೇಗಿರುತ್ತದೆಂದು ನಾನು ಅಂದುಕೊಂಡಿದ್ದೆನೋ ಅದರ ಗುರುತು ಆ ನಗುವಿನಲ್ಲಿ ಇರಲಿಲ್ಲ. ಬುದ್ಧಿವಂತ ಹುಡುಗ ಲೆಕ್ಕ ಬಿಡಿಸಿ ಮೇಷ್ಟರ ಮುಖ ನೋಡುವಂತೆ ನನ್ನನ್ನು ನೋಡಿದರು.

ಕಾರಣ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ದೊರೆ ಇಲ್ಲಿರುವವರೆಗೆ ಜರ್ಮನಿಯ ಕಂಪನಿಯ ಜೊತೆಗಿನ ಒಪ್ಪಂದ ಇರುತ್ತದೆ. ಒಪ್ಪಂದ ಇರುವವರೆಗೆ ಮಾಲೀಕರ ಅಳಿಯ ವರ್ಷಕ್ಕೆರಡು ತಿಂಗಳು ತರಬೇತಿಗೆಂದು ಅಲ್ಲಿಗೆ ಹೋಗಿಬರುತ್ತಾರೆ. ಆ ಅಳಿಯ ಮಿಷಿನ್ ಮನೆಯೊಳಕ್ಕೆ ಕಾಲಿಟ್ಟದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡು ಸಲವೂ ಮೂಗಿಗೆ ಕರ್ಚೀಫು ಹಿಡಿದಿದ್ದರು.

ಜಾಹೀರಾತನ್ನು ದೂರದ ಊರಿನ ಒಂದು ಇಂಗ್ಲಿಷ್ ಪತ್ರಿಕೆಗೆ ಕಳಿಸಿದೆವು. ನಮ್ಮ ಜಿಲ್ಲೆಯಲ್ಲಿ ಯಾರೂ ಅದನ್ನು ಕಣ್ಣಿನಿಂದ ಕಂಡಿರಲಾರರು.

ಶನಿವಾರ ಸಂಜೆ ಗೌಡರು ಊರಿಗೆ ಹೋಗುವಾಗ ಮದ್ದೂರಿನವರೆಗೆ ನಾನಿದ್ದ ರೈಲಿಗೇ ಬಂದು, ಅಲ್ಲಿಂದ ಮಳವಳ್ಳಿ ಬಸ್ಸು ಹಿಡಿಯುತ್ತಿದ್ದರು. ಆ ಶನಿವಾರ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಒಳ್ಳೆಯತನದಿಂದ ಹೇಳಿದೆನೆಂದು ಈಗ ಬರೆದರೆ ಸುಳ್ಳಾಗುತ್ತದೆ. ಮ್ಯಾನೇಜರ ಆ ನಗು ಮೈಯೆಲ್ಲ ಉರಿಸಿತ್ತು, ಅವರನ್ನು ಯಾರಾದರೂ ಇಕ್ಕಟ್ಟಿಗೆ ಸಿಕ್ಕಿಸಲಿ ಎಂಬ ಆಸೆಯಿತ್ತು.

"ನೀವೂ ಒಂದು ಅರ್ಜಿ ಹಾಕಿ ಗೌಡ್ರೇ" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತಾ, "ನಂಗೆ ಜರ್ಮನ್ ಬರಕಿಲ್ಲವಲ್ಲಮ್ಮ" ಎಂದರು.

"ದೊರೆಗೆ ಕನ್ನಡ ಬರುತ್ತಾ?"

ಅದಕ್ಕೆ ಅವರು ಜೋರಾಗಿ ನಕ್ಕರು. ಇಳಿಯುವಾಗ ಮಾತ್ರ ನಗು ಇರಲಿಲ್ಲ. "ಆಕೇಬುಡ್ತೀನಿ ಕಣಮ್ಮ. ನಾಕ್ ಜನದ ಮುಂದೆ ಏಳ್ಲಿ, ನಿಂಗ್ ಬರಕಿಲ್ಲ ಅಂತ. ಕೇಳ್ಬೇಕು ನಾನು" ಎಂದರು.

ಅರ್ಜಿಯನ್ನು ಊಟದ ಹೊತ್ತಿನಲ್ಲಿ ಕಾರ್ಖಾನೆಯ ಟೈಪ್‌ರೈಟರಿನಲ್ಲೇ ಟೈಪ್ ಮಾಡಿಕೊಟ್ಟೆ. ಬಂದ ಅರ್ಜಿ ಅದೊಂದೇ.

ಒಂದಾದರೂ ಬಂದಮೇಲೆ ಸಂದರ್ಶನ ಮಾಡಲೇಬೇಕಲ್ಲ. ಮೇಜಿನ ಆಚೆ ಮ್ಯಾನೇಜರು, ಅಳಿಯ, ಬೆಂಗಳೂರಿನಿಂದ ಕಾರಿನಲ್ಲಿ ಕರೆತಂದ ಒಬ್ಬ ನಿವೃತ್ತ ಇಂಜಿನಿಯರು. ಮೂಲೆಯಲ್ಲಿ ದೊರೆ. ಟಿಪ್ಪಣಿ ಬರೆದುಕೊಳ್ಳಲು ನಾನು. ಗೌಡರು ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು, ದಿನಾ ತಾವೇ ಎಣ್ಣೆ ಬಿಡುವ ಮಿಷಿನ್ನಿನ ಕೆಲಸ ಕೇಳಲು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಚಪ್ಪಲಿ ಬಿಟ್ಟದ್ದು ನೋಡಿ ನನಗೆ ಅವರ ಮೇಲೂ ಸಿಟ್ಟು ಬಂತು.

ಮ್ಯಾನೇಜರು ಕೇಳಿದರು, "ಜರ್ಮನ್ ಭಾಷೆ ಬರುತ್ತೇನಯ್ಯಾ?"

"ಇಲ್ಲ ಸಾ. ಮಿಷಿನ್ಗೂ ಬರಕಿಲ್ಲ."

ನಿವೃತ್ತ ಇಂಜಿನಿಯರಿಗೆ ನಗು ಬಂತು, ಮ್ಯಾನೇಜರ ಮುಖ ನೋಡಿ ನುಂಗಿಕೊಂಡರು. "ಈ ಮಿಷಿನ್ ಮೇಲೆ ಹತ್ತು ವರ್ಷದ ಅನುಭವ ಇದೆಯಾ?" ಎಂದು ತಾವೂ ಒಂದು ಪ್ರಶ್ನೆ ಹಾಕಿದರು.

"ಈ ಮಿಷಿನ್ ಉಟ್ಟೇ ಐದೊರ್ಸ ಆಯ್ತು ಸಾ. ಅತ್ತೊರ್ಸ ನಡ್ಸಿವ್ನಿ ಅನ್ನೋನ್ ಬಂದ್ರೆ ಮೊದ್ಲು ಅವ್ನ್ನ ಪೊಲೀಸ್ಗೆ ಕೊಡಿ."

ಅಳಿಯ ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ದೊರೆ ಎದ್ದು ನಿಂತ. ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದ: "ಈ ಮನುಷ್ಯನಿಗೆ ನನಗಿಂತ ಹೆಚ್ಚು ಗೊತ್ತು. ನನ್ನನ್ನು ಮನೆಗೆ ಕಳಿಸಿ." ಆಮೇಲೆ ಎಲ್ಲರಿಗೂ ತಿಳಿಯಲೆಂದೋ ಏನೋ ಗೌಡರ ಕಡೆ ಬೆರಳು ತೋರಿಸಿ ಕನ್ನಡದಲ್ಲಿ, "ಇವ್ರು ಸಾಕು" ಎಂದ.

ಎಲ್ಲರೂ ಹೋದ ಮೇಲೆ ಮ್ಯಾನೇಜರು ವರದಿ ಹೇಳಿ ಬರೆಸಿದರು. ಬಂದ ಒಬ್ಬ ಅಭ್ಯರ್ಥಿಗೆ ಬೇಕಾದ ಓದು, ಅನುಭವ, ಭಾಷೆ ಮೂರೂ ಇಲ್ಲ. ಅರ್ಹರು ಯಾರೂ ಸಿಗಲಿಲ್ಲ.

"ಸಾರ್, ದೊರೆ ಹೇಳಿದ್ದನ್ನ ಬರೀಲಾ?"

"ಅವರೇನು ಹೇಳಿದ್ರು?"

"ಗೌಡ್ರಿಗೆ ಎಲ್ಲಾ ಗೊತ್ತು ಅಂತ."

"ಅದು ಅವರ ದೊಡ್ಡತನ. ಅಷ್ಟು ದೊಡ್ಡ ಮನುಷ್ಯರನ್ನ ಬಿಟ್ಟುಕೊಡೋದಕ್ಕಾಗುತ್ತಾ ಮಿಸ್?" ಎಂದರು ಮ್ಯಾನೇಜರು. ಹೀಗೂ ಒಂದು ತರ್ಕ ಇರುತ್ತದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ತನಗೆ ಕೆಲಸ ಗೊತ್ತಿಲ್ಲ ಎಂದವನು ತಜ್ಞ, ಗೊತ್ತಿದೆ ಎಂದವನು ಅನರ್ಹ.

ನಾನು ಎದ್ದು ಹೋಗಬಹುದಿತ್ತು. ಕಾರ್ಬನ್ ಹಾಳೆ ಹಾಕಿ ನಾಲ್ಕು ಪ್ರತಿ ತೆಗೆದೆ. ಒಂದೂ ತಪ್ಪಿರಲಿಲ್ಲ. ಮ್ಯಾನೇಜರು ಅದನ್ನು ಮೆಚ್ಚಿದರು ಕೂಡ.

ಅಪ್ಪಣೆ ಬಂತು. ದೊರೆಯ ಹೆಸರನ್ನು ಮತ್ತೆ ಒಂದು ವರ್ಷಕ್ಕೆ ಬರೆಸಲು ಅವನನ್ನು ಮಂಡ್ಯದ ಪೊಲೀಸ್ ಕಚೇರಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು, ಮಾತು ತಿಳಿಸುವವರು ಬೇಕಲ್ಲ. ಪರದೇಶದವರ ದೊಡ್ಡ ಪುಸ್ತಕವನ್ನು ತೆರೆದ ಗುಮಾಸ್ತರು, "ಏನ್ ಕೆಲ್ಸ ಅಂತ ಬರೀಲಮ್ಮ?" ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ದೊರೆಯನ್ನು ಕೇಳಿದೆ. ಅವನು, "ಕೈದಿ ಎಂದು ಬರೆಯಲು ಹೇಳು" ಎಂದ. ನಾನು ತಜ್ಞ ಎಂದು ಬರೆಸಿದೆ. ಹೊರಗೆ ಬಂದು ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಅವನು ಜೇಬಿನಿಂದ ಮಗಳ ಫೋಟೋ ತೆಗೆದು ತೋರಿಸಿದ. ಅವನು ಇಲ್ಲಿಗೆ ಬಂದಾಗ ಆ ಮಗು ನಡೆಯುತ್ತಿರಲಿಲ್ಲವಂತೆ, ಈಗ ಮೂರು ಗಾಲಿಯ ಸೈಕಲ್ ತುಳಿಯುತ್ತಿತ್ತು. ಅದೇ ವರ್ಷ ರಜೆಗೆಂದು ಹೋದವನು ತಿರುಗಿ ಬರಲಿಲ್ಲ. ಅವನ ಕೋಟು ಮ್ಯಾನೇಜರ ಕೋಣೆಯ ಗೂಟದ ಮೇಲೇ ಉಳಿಯಿತು.

ಆಮೇಲಿನ ಆರು ತಿಂಗಳು ಮಿಷಿನ್ನನ್ನು ಗೌಡರೇ ನಡೆಸಿದರು. ರಟ್ಟು ಮೊದಲಿಗಿಂತ ಚೆನ್ನಾಗಿ ಬಂತು. ಅದೇ ಆರು ತಿಂಗಳು ನಾನು ಇನ್ನೊಬ್ಬ ಪರದೇಶದ ಇಂಜಿನಿಯರನಿಗಾಗಿ ದೆಹಲಿಗೆ ಪತ್ರ ಟೈಪ್ ಮಾಡುತ್ತಿದ್ದೆ. ಈ ಮಿಷಿನ್ನನ್ನು ನಡೆಸಬಲ್ಲವರು ಇಲ್ಲಿ ಯಾರೂ ಇಲ್ಲವೆಂದು ನಾನು ಟೈಪ್ ಮಾಡುವಾಗ ಗೋಡೆಯಾಚೆ ಆ ಮಿಷಿನ್ನಿನ ಸದ್ದು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಗೌಡರಿಗೆ ದೊರೆಯಿಂದ ಕಾಗದ ಬಂತು. ಜರ್ಮನಿಯ ನಮ್ಮ ಕಾರ್ಖಾನೆಗೆ ನಿನ್ನಂಥವನು ಬೇಕು, ಬಂದುಬಿಡು, ಇಲ್ಲಿನ ಸಾಹೇಬರನ್ನು ಒಪ್ಪಿಸಿದ್ದೇನೆ ಎಂದು ಬರೆದಿದ್ದ. ಗೌಡರು ಆ ಕಾಗದವನ್ನು ಒಂದು ವಾರ ಷರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು, ಸರ್ಟಿಫಿಕೇಟುಗಳ ನಕಲು ತೆಗೆಸಿದರು. ಎಲ್ಲ ನನ್ನ ಟೈಪ್‌ರೈಟರಿನಲ್ಲೇ. ಪೂರಿಗಾಲಿಯಲ್ಲಿ ಯಾರೋ, "ಏನ್ಲಾ, ಬಿಳೇರ ದೇಸಕ್ಕೆ ಓಯ್ತೀಯಂತೆ, ಅಲ್ಲಿ ಮುದ್ದೆ ಯಾರ್ಲಾ ತಿರುವ್ತಾರೆ?" ಎಂದರಂತೆ. ಅದನ್ನು ಹೇಳಿಕೊಂಡು ಅವರು ಸಣ್ಣ ಹುಡುಗನಂತೆ ನಗುತ್ತಿದ್ದರು.

ಅಲ್ಲಿಯೂ ಇಂಥದೇ ನಿಯಮವಿತ್ತು. ಹೊರಗಿನವನನ್ನು ಕರೆಯುವ ಮೊದಲು ಆ ಕೆಲಸಕ್ಕೆ ತಮ್ಮವರು ಯಾರೂ ಇಲ್ಲವೆಂದು ಅಲ್ಲಿನ ಕಚೇರಿ ಒಪ್ಪಬೇಕು. ಕಚೇರಿ ಒಪ್ಪಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಅರಬ್ಬರ ಎಣ್ಣೆಯ ಬೆಲೆ ಏರಿತು, ಹೊರಗಿನವರನ್ನು ಕೆಲಸಕ್ಕೆ ಕರೆಸಿಕೊಳ್ಳುವುದನ್ನೇ ಆ ದೇಶ ನಿಲ್ಲಿಸಿತು. ದೊರೆ ಎರಡು ಸಾಲು ಬರೆದು ಕ್ಷಮೆ ಕೇಳಿದ. ಗೌಡರು ಆ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿ ಮುಗಿಸುತ್ತಲೇ, "ಅಲ್ಲೂ ನಿಮ್ಮಂಗೇ ಒಬ್ಬಮ್ಮ ಕುಂತ್ಕಂಡು ಟೈಪ್ ಒಡೀತಾವ್ಳೆ ಅನ್ನಿ" ಎಂದರು. ಅವರು ತಮಾಷೆಗೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಎರಡನೇ ದೊರೆ ಬಂದ ತಿಂಗಳೇ ಅವರು ಕೆಲಸ ಬಿಟ್ಟರು. ಪತ್ರಿಕೆಯಲ್ಲಿ ಬಂದಿದ್ದ ಜಾಹೀರಾತು ನೋಡಿ ಆಫ್ರಿಕಾದ ಒಂದು ಕಾಗದದ ಕಾರ್ಖಾನೆಗೆ ಅರ್ಜಿ ಹಾಕಿದ್ದರು, ಅದು ಸಿಕ್ಕಿತ್ತು. ಮ್ಯಾನೇಜರು ಬೀಳ್ಕೊಡುಗೆಯ ಭಾಷಣದಲ್ಲಿ, ನಮ್ಮ ಕಾರ್ಖಾನೆ ತಯಾರು ಮಾಡಿದ ಪ್ರತಿಭೆ ಹೊರದೇಶಕ್ಕೆ ಹೋಗುತ್ತಿದೆ ಎಂದು ಹೆಮ್ಮೆಪಟ್ಟು ಗಂಧದ ಹಾರ ಹಾಕಿದರು. ಗೌಡರು ಆ ಹಾರವನ್ನು ಜರಡಿಗೆ ತೂಗುಹಾಕಿ ಹೋದರು.

ಎರಡು ವರ್ಷದ ನಂತರ ರಜೆಗೆ ಬಂದವರು ಮದ್ದೂರಿನ ನಮ್ಮ ಮನೆಗೆ ಬಂದರು. ಸೂಟು ತೊಟ್ಟಿದ್ದರು. ಮೈಕೈ ತುಂಬಿಕೊಂಡಿತ್ತು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದಳು. ನಾನು ಅಲ್ಲಿಯ ಕೆಲಸ ಹೇಗೆ ಎಂದು ಕೇಳಿದೆ.

"ಚೆನ್ನಾಗದೆ ಕಣಮ್ಮ. ಅಲ್ಲಿ ನಾನೇ ದೊರೆ" ಎಂದರು. ಆಮೇಲೆ ಲೋಟ ಕೆಳಗಿಟ್ಟು, ಕೇಳದೆಯೇ ಹೇಳತೊಡಗಿದರು. ಅಲ್ಲಿಯವನೇ ಒಬ್ಬ ಮೆಕ್ಯಾನಿಕ್ ಇದ್ದಾನೆ. ಓದು ಕಡಿಮೆ, ಮಿಷಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ವರ್ಷಕ್ಕೊಂದು ಸಲ ಅಲ್ಲಿನ ಸರ್ಕಾರಕ್ಕೆ ಕಾಗದ ಹೋಗಬೇಕು, ಈ ಕೆಲಸಕ್ಕೆ ಆ ದೇಶದವರು ಯಾರೂ ತಯಾರಾಗಿಲ್ಲ ಎಂದು. ಆ ಕಾಗದಕ್ಕೆ ಮೇಲಿನವರ ಜೊತೆ ಗೌಡರೂ ಸಹಿ ಮಾಡಬೇಕು.

"ಮಾಡಿದ್ರಾ?" ಎಂದೆ.

"ಮಾಡ್ದೆ. ಎಲ್ಡ್ ಸತಿನೂ ಮಾಡ್ದೆ."

ನನ್ನ ದನಿ ಏರಿತು. "ನಿಮಗೆ ಇಲ್ಲಿ ಆಗಿದ್ದು ಮರೆತುಹೋಯ್ತಾ ಗೌಡ್ರೇ? ಹಾಗಾದ್ರೆ ನಮ್ಮ ಮ್ಯಾನೇಜರಿಗೂ ನಿಮಗೂ ಏನು ವ್ಯತ್ಯಾಸ? ಟೈ ಒಂದೇನಾ?"

ಅವರ ಮುಖ ಕಪ್ಪಿಟ್ಟಿತು. "ಮೂರ್ ಮಕ್ಳು ಮಂಡ್ಯದಲ್ಲಿ ಓದ್ತಾವೆ. ಸೈನ್ ಆಕ್ದೆ ಬಂದ್ಬುಟ್ರೆ ಇಲ್ಲಿ ಯಾರಮ್ಮ ಕರ್ದು ಕೆಲ್ಸ ಕೊಡ್ತಾರೆ? ನೀವಾ? ನೀವು ನಾಕ್ ಕಾಪಿ ತೆಗ್ದು ಕೊಟ್ರಲ್ಲ, ನಾನ್ ಒಂದ್ ಮಾತ್ ಕೇಳಿದ್ನಾ ನಿಮ್ಮುನ್ನ?"

ನಾಲ್ಕು ಪ್ರತಿ ಎಂದು ಅವರಿಗೆ ಯಾರು ಹೇಳಿದರೋ. ನಾನು ಹೇಳಿರಲಿಲ್ಲ. ಬಾಗಿಲ ಹತ್ತಿರ ನಿಂತು ಅವರು ಬೂಟಿನ ದಾರ ಕಟ್ಟುವುದನ್ನೇ ನೋಡುತ್ತಿದ್ದೆ. "ಬತ್ತೀನಿ" ಎಂದು ಹೋದರು.

ಮುಂದೆ ಆದದ್ದು ಇಷ್ಟು. ಆಫ್ರಿಕಾದ ಆ ದೇಶ ಹೊಸ ನಿಯಮ ಮಾಡಿತು. ಹೊರಗಿನಿಂದ ಬಂದ ಪ್ರತಿಯೊಬ್ಬನೂ ಅಲ್ಲಿನವನೊಬ್ಬನಿಗೆ ಕೆಲಸ ಕಲಿಸಿ ಜಾಗ ಬಿಡಬೇಕು. ಅಲ್ಲಿನವರಿಗೆ ನಮ್ಮವರಿಗಿಂತ ಸ್ವಲ್ಪ ಬುದ್ಧಿಯಿತ್ತೆಂದು ಕಾಣುತ್ತದೆ, ಸಹಿ ಹಾಕುವವನ ಮಾತಿಗೆ ಬಿಡದೆ ಗಡುವು ಹಾಕಿದರು. ಕಲಿಸುವುದೇನೂ ಇರಲಿಲ್ಲ, ಆ ಮೆಕ್ಯಾನಿಕ್ಕಿಗೆ ಎಲ್ಲ ಗೊತ್ತಿತ್ತು. ಗೌಡರು ಅವನಿಗೆ ಬೀಗದ ಕೈ ಕೊಟ್ಟು ಬಂದರು, ಮಳವಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದರು.

ನಾನು ಅದೇ ಕಾರ್ಖಾನೆಯಲ್ಲಿ ದಶಕ ಮುಗಿಯುವವರೆಗೂ ಇದ್ದೆ. ಅದೇ ವರದಿಯನ್ನು ಇನ್ನೂ ಮೂರು ಸಲ ಟೈಪ್ ಮಾಡಿದೆ, ಇಂಜಿನಿಯರನ ಹೆಸರು ಮಾತ್ರ ಬದಲಾಗುತ್ತಿತ್ತು. ಮೂರನೆಯ ಸಲ ಮ್ಯಾನೇಜರು ಹೇಳುವ ಮೊದಲೇ ಮುಗಿಸಿ ಮೇಜಿನ ಮೇಲಿಟ್ಟೆ. ಅವರು ಓದದೆ ಸಹಿ ಹಾಕಿದರು.

ಒಂದು ಸಲ ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಗೌಡರು ಎದುರಾದರು. ಕೈಯೆಲ್ಲ ಗ್ರೀಸು. ಬಸ್ಸು ಬರುವವರೆಗೆ ಅಲ್ಲೇ ನಿಂತು ಮಾತಾಡಿದೆವು. ಕರೆಂಟು ಏರಿಳಿದು ಮೋಟರು ಸುಡುವುದು, ದೊಡ್ಡ ಮಗನ ಪರೀಕ್ಷೆ, ನಮ್ಮಮ್ಮನ ಮಂಡಿನೋವು. ನಾನು ಟೈಪ್ ಮಾಡಿದ, ಅವರು ಸಹಿ ಹಾಕಿದ ಆ ಕಾಗದಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.